ಅವತ್ತೇ ತಗೊಂಡಿದ್ದರೆ…

“ತಗೋಬೇಕಿತ್ತು, ತಗೊಳ್ಳಲಿಲ್ಲ” ಅಥವಾ “ತಗೋಬಾರದಿತ್ತು, ತಗೊಂಡೆ” ಅಂತ ಇವತ್ತಿಗೂ ಕೊರಗುವ ಸಂಗತಿ ಇದ್ದರೆ ಬರೆಯಿರಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಅರ್ಧದಷ್ಟು ಸೈಟಿನವು, ಉಳಿದವು ಚಿನ್ನ, ಷೇರು, ಪಾತ್ರೆ ಪಡಗ. ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: 1993ರಲ್ಲಿ ಸ್ನೇಹಿತರೊಬ್ಬರು ಇನ್ಫೋಸಿಸ್ ಷೇರಿನ ಅರ್ಜಿ ಫಾರಂ ತಂದು ಕೈಗೆ ಕೊಟ್ಟಿದ್ದರು. ನಾನು ಆ ದುಡ್ಡಿನಲ್ಲಿ ಕಲರ್ ಟೀವಿ ತಂದೆ. ಈಗ ಮೊಮ್ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿ ನಗುತ್ತಾನೆ. ರಾತ್ರಿ ನಿದ್ದೆ ಬರುವುದಿಲ್ಲ.
— ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ಮೇಷ್ಟ್ರೇ, ಮೊಮ್ಮಗನ ಲೆಕ್ಕ ಸರಿಯಾಗಿಯೇ ಇದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಷೇರಿಗೆ 95 ರೂಪಾಯಿ, 100 ಷೇರಿಗೆ 9,500. ಆಮೇಲೆ ಬೋನಸ್ ಮೇಲೆ ಬೋನಸ್ (ಇದ್ದ ಷೇರಿನ ಲೆಕ್ಕದಲ್ಲಿ ಪುಕ್ಕಟೆ ಷೇರು) ಕೊಟ್ಟರು, ಮಧ್ಯೆ 2000ದಲ್ಲಿ ಒಂದು ಷೇರನ್ನು ಎರಡು ಮಾಡಿದರು. ಏನೂ ಮಾರದೆ ಸುಮ್ನೆ ಇಟ್ಟುಕೊಂಡಿದ್ದವರ ಹತ್ತಿರ 2018ರ ಬೋನಸ್ ಹೊತ್ತಿಗೆ ಆ 100 ಷೇರು 1,02,400 ಆಗಿತ್ತು. ಷೇರಿಗೆ 1,500 ಅಂತ ಹಿಡಿದರೆ 15 ಕೋಟಿ ದಾಟುತ್ತೆ.

ಆದರೆ ನಿಮ್ಮ ಮೊಮ್ಮಗ 1993ನ್ನು ನೋಡಿಲ್ಲ. ಹಿಂದಿನ ವರ್ಷವಷ್ಟೇ ಹರ್ಷದ್ ಮೆಹ್ತಾ ಹಗರಣ ಆಗಿತ್ತು, ಷೇರು ಅಂದರೆ ಜನ ಇಸ್ಪೀಟಿನ ಅಡ್ಡೆ ಅನ್ನೋ ಹಾಗೆ ಮಾತಾಡುತ್ತಿದ್ದ ಕಾಲ. ಆ ಷೇರಿಗೆ ಸಾಕಷ್ಟು ಅರ್ಜಿಗಳೇ ಬರಲಿಲ್ಲ, ಕೊನೆಗೆ ಅಮೆರಿಕದ ಬ್ಯಾಂಕು ಮಾರ್ಗನ್ ಸ್ಟ್ಯಾನ್ಲಿಯವರು ಕೈ ಹಾಕಬೇಕಾಯಿತು. ಅಂದರೆ ದೇಶದಲ್ಲಿ ದುಡ್ಡಿದ್ದವರು, ಪೇಟೆ ಗೊತ್ತಿದ್ದವರು ಸಹ ಬೇಡ ಅಂದಿದ್ದರು. ತಿಂಗಳ ಸಂಬಳದಲ್ಲಿ ಹಾಲು, ಬಾಡಿಗೆ, ಮಕ್ಕಳ ಫೀಸು ನೋಡಿಕೊಳ್ಳುತ್ತಿದ್ದ ಹೈಸ್ಕೂಲು ಮೇಷ್ಟ್ರು ಬೇಡ ಅಂದದ್ದರಲ್ಲಿ ಏನು ತಪ್ಪು?

ಇನ್ನೊಂದು. ತಗೊಂಡಿದ್ದರೆ ನೀವು ಇಟ್ಟುಕೊಳ್ಳುತ್ತಿದ್ದಿರಾ? ಅದೇ ವರ್ಷ ಜೂನ್‌ನಲ್ಲಿ ಪೇಟೆಗೆ ಬಂದಾಗ ಅದು ಶುರುವಾದದ್ದೇ 145ಕ್ಕೆ. ನಾಲ್ಕೇ ತಿಂಗಳಲ್ಲಿ 100 ಷೇರಿಗೆ 5,000 ಲಾಭ. ಮನೆಯಲ್ಲಿ ಯಾರಾದರೂ ಒಬ್ಬರು “ಮಾರಿ, ಮಗಳಿಗೆ ಒಂದು ಜೊತೆ ಓಲೆ ಮಾಡಿಸೋಣ” ಅಂದೇ ಅನ್ನುತ್ತಿದ್ದರು. ಆಗ ಮಾರದಿದ್ದರೂ 2000ದ ನಂತರ ಸಾಫ್ಟ್‌ವೇರ್ ಷೇರುಗಳೆಲ್ಲ ಪಾತಾಳಕ್ಕೆ ಬಿದ್ದಾಗ ಹೆದರಿ ಮಾರುತ್ತಿದ್ದಿರಿ. ಕೊನೆಯವರೆಗೂ ಉಳಿಸಿಕೊಂಡವರಲ್ಲಿ ಕೆಲವರಂತೂ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿದೆ ಅನ್ನೋದನ್ನೇ ಮರೆತವರು! ಅಂದ ಹಾಗೆ, ಮನೆಯಲ್ಲಿ ಬೇರೆ ಯಾವುದಾದರೂ ಕಂಪನಿಯ ಹಳೇ ಕಾಗದದ ಸರ್ಟಿಫಿಕೇಟು ಇದ್ದರೆ ಬಿಸಾಡಬೇಡಿ. ಏಳು ವರ್ಷ ಸತತವಾಗಿ ಲಾಭಾಂಶ ಕೇಳದಿದ್ದರೆ ಆ ಷೇರು ಸರ್ಕಾರದ ಐಇಪಿಎಫ್ ಅನ್ನೋ ಹೂಡಿಕೆದಾರರ ಸಂರಕ್ಷಣಾ ನಿಧಿಗೆ ಹೋಗುತ್ತೆ, ಆದರೆ ದಾಖಲೆ ಕೊಟ್ಟು ವಾಪಸ್ ಕೇಳಬಹುದು. ಓಡಾಟ ಇದೆ, ಆದರೂ ಮೊಮ್ಮಗನಿಗೆ ಹಚ್ಚಲು ಒಳ್ಳೇ ಕೆಲಸ.

ಟೀವಿ ವಿಷಯ. 1996ರ ಮಾರ್ಚ್ 9ಕ್ಕೆ ಚಿನ್ನಸ್ವಾಮಿಯಲ್ಲಿ ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್‌ನ ಸ್ಟಂಪ್ ಎಗರಿಸಿದ್ದನ್ನು ನೀವು ಆ ಟೀವಿಯಲ್ಲೇ ಅಲ್ವಾ ನೋಡಿದ್ದು? ಅವತ್ತು ಪಕ್ಕದ ಮನೆಯವರೂ ನಿಮ್ಮ ಹಾಲ್‌ನಲ್ಲೇ ಇದ್ದಿರಬೇಕು. ಅದಕ್ಕೂ ಒಂದು ಬೆಲೆ ಹಾಕಲು ಮೊಮ್ಮಗನಿಗೆ ಹೇಳಿ.

ಪ್ರಶ್ನೆ: 2003ರಲ್ಲಿ ವೆನಿಲ್ಲಾಗೆ ಚಿನ್ನದ ಬೆಲೆ ಬಂದಿತ್ತಲ್ಲ, ಆಗ ಸೊಸೈಟಿಯಲ್ಲಿ ಸಾಲ ಮಾಡಿ ಬಳ್ಳಿ ತಂದು ಹಾಕಿದೆವು. ಬೀನ್ಸ್ (ವೆನಿಲ್ಲಾ ಕಾಯಿ) ಬರುವ ಹೊತ್ತಿಗೆ ಕೇಳುವವರಿರಲಿಲ್ಲ. ಬೇಸತ್ತು ಎಲ್ಲ ಕಿತ್ತು ಬಿಸಾಡಿದೆವು. 2017ರಲ್ಲಿ ಮತ್ತೆ ರೇಟು ಏರಿತು. ತಗೊಂಡಿದ್ದಕ್ಕೂ ಸಂಕಟ, ಕಿತ್ತಿದ್ದಕ್ಕೂ ಸಂಕಟ. ಇದಕ್ಕೇನು ಹೇಳ್ತೀರಿ?
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಈ ಪತ್ರ ಓದಿ ನಿಜಕ್ಕೂ ಅಯ್ಯೋ ಅನ್ನಿಸಿತು. ಎರಡೂ ಕಡೆ ಪೆಟ್ಟು ತಿಂದವರು ನೀವೊಬ್ಬರೇ ಅಲ್ಲ, ಮಲೆನಾಡಿನ ಎಷ್ಟೋ ತೋಟಗಳ ಕಥೆ ಇದು.

ಆದದ್ದಿಷ್ಟು. ಪ್ರಪಂಚದ ವೆನಿಲ್ಲಾದಲ್ಲಿ ಹೆಚ್ಚು ಪಾಲು ಬರುವುದು ಮಡಗಾಸ್ಕರ್‌ನಿಂದ. 2000ದಲ್ಲಿ ಅಲ್ಲಿ ಚಂಡಮಾರುತ ಹೊಡೆಯಿತು, ಮಾಲು ಕಡಿಮೆಯಾಯಿತು, ಇಲ್ಲಿ ಹಸಿ ಬೀನ್ಸ್ ಕಿಲೋಗೆ 3,000 ರೂಪಾಯಿ ದಾಟಿತು. ರಾತ್ರಿ ಬ್ಯಾಟರಿ ಹಿಡಿದು ತೋಟ ಕಾಯುತ್ತಿದ್ದರು ಜನ. ಆದರೆ ಬಳ್ಳಿ ನೆಟ್ಟ ಮೇಲೆ ಹೂ ಬಿಡಲು ಮೂರು ವರ್ಷ ಬೇಕು. ಹೂ ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಬಾಡುತ್ತೆ, ಅಷ್ಟರಲ್ಲಿ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಬೇಕು, ಯಾಕೆಂದರೆ ಆ ಕೆಲಸ ಮಾಡುವ ಜೇನ್ನೊಣ ಇರುವುದು ಅದರ ತವರಾದ ಮೆಕ್ಸಿಕೋ ಕಡೆ. ಆಮೇಲೆ ಬೀನ್ಸ್ ಬಲಿಯಲು ಇನ್ನೂ ಎಂಟೊಂಬತ್ತು ತಿಂಗಳು. ಅಂದರೆ ನೀವು ಬಳ್ಳಿ ತಂದದ್ದು 2003ರ ರೇಟು ನೋಡಿ, ಮಾರಬೇಕಾದದ್ದು 2007ರ ರೇಟಿಗೆ. ನಿಮ್ಮ ಹಾಗೇ ಉಗಾಂಡದವರು, ಕೇರಳದವರು, ಮಡಗಾಸ್ಕರ್‌ನವರೇ ಮತ್ತೆ, ಎಲ್ಲರೂ ಒಟ್ಟಿಗೆ ನೆಟ್ಟಿದ್ದರು. ಐಸ್‌ಕ್ರೀಮ್ ಮಾಡುವವರು ಅಷ್ಟು ದಿನ ಕಾಯುತ್ತಾರಾ? ಕೃತಕ ವೆನಿಲಿನ್ ಹಾಕಿ ಕೆಲಸ ಮುಗಿಸಿದರು. ಬೆಲೆ ನೂರರ ಕೆಳಗೆ ಬಂತು.

ಕಿತ್ತದ್ದರ ಬಗ್ಗೆ ಮಾತ್ರ ಕೊರಗಬೇಡಿ. 2017ರಲ್ಲಿ ಬೆಲೆ ಅಷ್ಟು ಏರಿದ್ದರಲ್ಲೂ ಅಲ್ಲಿ ಬಂದ ಮತ್ತೊಂದು ಚಂಡಮಾರುತದ ಪಾಲಿತ್ತು. ಹತ್ತು ವರ್ಷ ಬೆಲೆಯಿಲ್ಲದ ಬಳ್ಳಿಗೆ ಗೊಬ್ಬರ ಹಾಕಿ, ರೋಗ ನೋಡಿ, ಹೂವಿನ ಕಾಲದಲ್ಲಿ ದಿನಾ ಬೆಳಗ್ಗೆ ಆಳಿಟ್ಟು, ಎಲ್ಲೋ ಸಮುದ್ರದಾಚೆ ಗಾಳಿ ಬೀಸಲಿ ಅಂತ ಕಾಯುವುದು ಬೇಸಾಯ ಅಲ್ಲ. ಬೇಕಾದರೆ ಸಾಲ ಮಾಡಿದ್ದಕ್ಕೆ ಬೈದುಕೊಳ್ಳಿ. ಅಡಿಕೆ ತೋಟದ ಅಂಚಿನಲ್ಲಿ ಹತ್ತಿಪ್ಪತ್ತು ಬಳ್ಳಿ ಹಾಕಿ ನೋಡಿದ್ದರೆ ಇವತ್ತು ಅದು ನೆಂಟರ ಮುಂದೆ ಹೇಳಿ ನಗುವ ಕಥೆಯಾಗಿರುತ್ತಿತ್ತು.

ಪ್ರಶ್ನೆ: ಅಮ್ಮ ಕೊಟ್ಟ ಬೋರಮಾಳವನ್ನು (ಚಿನ್ನದ ಗುಂಡಿನ ಸರ) ಅಂಗಡಿಗೆ ಕೊಟ್ಟು ಹರಳಿನ ನೆಕ್ಲೆಸ್ ತಗೊಂಡೆ. ಆಗ ಅದೇ ಫ್ಯಾಷನ್. ಈಗ ಎಲ್ಲರೂ ಬೋರಮಾಳ ಮಾಡಿಸುತ್ತಿದ್ದಾರೆ. ನೆಕ್ಲೆಸ್ ಕೊಟ್ಟು ವಾಪಸ್ ಬೋರಮಾಳವನ್ನೇ ಮಾಡಿಸಲೇ?
— ಗೃಹಿಣಿ, ವಿಜಯಪುರ

ಉತ್ತರ: ಬೇಡ ತಂಗಿ, ಕೈ ಮುಗಿಯುತ್ತೇನೆ. ಒಮ್ಮೆ ಬದಲಾಯಿಸಿದಾಗ ಏನಾಯಿತು ನೋಡು. ಬೋರಮಾಳದ ಗುಂಡುಗಳ ಒಳಗೆ ಅರಗು ಇರುತ್ತೆ, ಅಂಗಡಿಯವರು ಅದನ್ನು ತೂಕದಲ್ಲಿ ಕಳೆದರು. ಹೊಸದಕ್ಕೆ ವೇಸ್ಟೇಜು, ಮಜೂರಿ, ಹರಳಿಗೆ ಬೇರೆ ದುಡ್ಡು ಹಾಕಿದರು. ಈಗ ನೆಕ್ಲೆಸ್ ಕೊಡಲು ಹೋದರೆ ಆ ಹರಳಿಗೆ ಬಿಡಿಗಾಸೂ ಸಿಗುವುದು ಕಷ್ಟ, ಹೊಸ ಬೋರಮಾಳಕ್ಕೆ ಮತ್ತೆ ವೇಸ್ಟೇಜು, ಮಜೂರಿ, ಜಿಎಸ್‌ಟಿ. ಎರಡು ಸಲ ಅಂಗಡಿ ಮೆಟ್ಟಿಲು ಹತ್ತಿದರೆ ಅಮ್ಮನ ಚಿನ್ನದಲ್ಲಿ ಎಷ್ಟು ಉಳಿಯಿತು ಅಂತ ನೀನೇ ಚೀಟಿ ನೋಡಿ ಲೆಕ್ಕ ಹಾಕು.

ನೆಕ್ಲೆಸ್ ಹಾಗೇ ಇರಲಿ. ಬೋರಮಾಳ ಬೇಕೇ ಬೇಕು ಅಂದರೆ ನಿಧಾನವಾಗಿ ದುಡ್ಡು ಕೂಡಿಸಿ ಬೇರೆಯಾಗಿ ಮಾಡಿಸು, ಎಚ್‌ಯುಐಡಿ ನಂಬರ್ (ಒಂದೊಂದು ಒಡವೆಗೂ ಬೇರೆ ಬೇರೆ ಗುರುತಿನ ಸಂಖ್ಯೆ) ಇರುವ ಹಾಲ್‌ಮಾರ್ಕ್ ನೋಡಿ ತಗೋ. “2000ದಲ್ಲಿ ಹತ್ತು ಗ್ರಾಂಗೆ 4,400 ಇತ್ತು, 2025ರಲ್ಲಿ ಲಕ್ಷ ದಾಟಿತು, ಆಗಲೇ ತಗೋಬೇಕಿತ್ತು” ಅಂತ ಎಷ್ಟೋ ಮಂದಿ ಬರೆದಿದ್ದಾರೆ. ನಿಜ. ಆದರೆ 2012ರಲ್ಲಿ 31,000ದ ಆಸುಪಾಸಿನಲ್ಲಿ ತಗೊಂಡವರು 2018ರಲ್ಲೂ ಅದೇ ಬೆಲೆ ನೋಡಿ “ಬ್ಯಾಂಕಲ್ಲಿ ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತು” ಅಂತ ಕೊರಗುತ್ತಿದ್ದರು. ಅವರಲ್ಲಿ ಒಬ್ಬರೂ ಈಗ ಪತ್ರ ಬರೆದಿಲ್ಲ!

ಪ್ರಶ್ನೆ: ಯಲಹಂಕದ ಆಚೆ ಅಪ್ಪನಿಗೆ ಸೈಟು ಬಿಡಿಗಾಸಿಗೆ ಸಿಗುತ್ತಿತ್ತಂತೆ. “ನರಿ ಓಡಾಡೋ ಜಾಗ” ಅಂತ ಬಿಟ್ಟರಂತೆ.
— ಓದುಗರು, ಬೆಂಗಳೂರು

ಉತ್ತರ: ಬೆಂಗಳೂರಿನ ಮನೆ ಮನೆಯಲ್ಲೂ ಇಂಥ ಒಂದು ಸೈಟಿದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬರುತ್ತೆ ಅಂತ ನಿಮ್ಮ ಅಪ್ಪನಿಗೆ ಯಾರೂ ಕನಸಲ್ಲಿ ಹೇಳಿರಲಿಲ್ಲ. ಜೊತೆಗೆ ಅದು ಡಿಸಿ ಕನ್ವರ್ಷನ್ ಆದ (ಕೃಷಿ ಜಮೀನಿನಲ್ಲಿ ಮನೆ ಕಟ್ಟಲು ಜಿಲ್ಲಾಧಿಕಾರಿ ಒಪ್ಪಿದ) ಸೈಟಾ, ಆ ಒಪ್ಪಿಗೆ ಇಲ್ಲದ ಬರೀ ರೆವಿನ್ಯೂ ಸೈಟಾ ಅಂತ ವಿಚಾರಿಸಿದ್ದೀರಾ? ರೆವಿನ್ಯೂ ಆಗಿದ್ದರೆ ಇಷ್ಟು ಹೊತ್ತಿಗೆ ಖಾತೆಗಾಗಿ ಅಲೆದು ನಿಮ್ಮ ಚಪ್ಪಲಿ ಸವೆದಿರುತ್ತಿತ್ತು, ಪತ್ರವೂ ಬೇರೆ ಥರ ಇರುತ್ತಿತ್ತು.

ಪ್ರಶ್ನೆ: ಅತ್ತೆಯ ಕಾಲದ ತಾಮ್ರದ ಹಂಡೆಯನ್ನು ಗುಜರಿಗೆ ಹಾಕಿ ಸ್ಟೀಲ್ ಡಬ್ಬ ತಗೊಂಡಿದ್ದೆ. ಮೊನ್ನೆ ಒಂದು ರೆಸಾರ್ಟಿನಲ್ಲಿ ಅಂಥದೇ ಹಂಡೆಯಲ್ಲಿ ಹೂ ತೇಲಿಬಿಟ್ಟಿದ್ದರು. ಹೊಟ್ಟೆ ಉರಿಯಿತು.
— ಓದುಗರು, ಹಾಸನ

ಉತ್ತರ: ಉರಿಯಲೇಬೇಕು ಬಿಡಿ. ಆದರೆ ಆ ಹಂಡೆಯ ಹೊರಮೈಗೆ ಹತ್ತಿದ್ದ ಮಸಿ ನೆನಪಿದೆಯಾ? ಹಬ್ಬದ ಹಿಂದಿನ ದಿನ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಉಗುರು ಕಪ್ಪಾಗುತ್ತಿತ್ತಲ್ಲ, ತಿಕ್ಕಿದವರು ಮನೆಯ ಹೆಂಗಸರೇ. ಬಚ್ಚಲ ಒಲೆ ಹೋಗಿ ಗೀಸರ್ ಬಂದ ಮೇಲೆ ಹಂಡೆಗೆ ಮನೆಯಲ್ಲಿ ಕೆಲಸವೇ ಇರಲಿಲ್ಲ. ಆ ಸ್ಟೀಲ್ ಡಬ್ಬ ಇನ್ನೂ ಇದೆಯಾ, ಅದರಲ್ಲಿ ಅಕ್ಕಿ ಇದೆಯಾ ಅಂತ ನೋಡಿ. ಇದ್ದರೆ ವ್ಯಾಪಾರ ಅಷ್ಟೇನೂ ಕೆಟ್ಟದ್ದಲ್ಲ. ಗುಜರಿಯವನು ತೂಕದಲ್ಲಿ ಎಷ್ಟು ಹೊಡೆದ ಅನ್ನೋದು ಬೇರೆ ಮಾತು.

ಪ್ರಶ್ನೆ: ಮದುವೆಯಲ್ಲಿ ಎಚ್‌ಎಂಟಿ ಕಾಂಚನ್ ವಾಚ್ ಕೊಡಿಸಲಿಲ್ಲ ಅಂತ ನಮ್ಮ ಭಾವ ಇನ್ನೂ ಆಡಿಕೊಳ್ಳುತ್ತಾರೆ. ಈಗ ಕೊಡಿಸೋಣ ಅಂದರೆ ಆನ್‌ಲೈನಿನಲ್ಲಿ ರಾಶಿ ರಾಶಿ ಸಿಗುತ್ತಿವೆ. ತಗೊಳ್ಳಲೇ?
— ಓದುಗರು, ಮಂಡ್ಯ

ಉತ್ತರ: ಕೊಡಿಸಿ, ಅವರ ಬಾಯಿ ಮುಚ್ಚಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಹುಷಾರು. 1961ರಲ್ಲಿ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ವಾಚ್ ತಯಾರಿಕೆಯನ್ನು ಆಮೇಲೆ ನಡೆಸುತ್ತಿದ್ದ ಎಚ್‌ಎಂಟಿ ವಾಚಸ್ ಕಂಪನಿಗೆ 2016ರಲ್ಲಿ ಬೀಗ ಬಿತ್ತು. ಈಗ ರಾಶಿ ಬಿದ್ದಿರುವುದರಲ್ಲಿ ಎಷ್ಟೋ ಹಳೇ ಮೆಷಿನ್ನಿಗೆ ಬೇರೆ ಕೇಸು, ಹೊಸ ಬಣ್ಣ ಹಚ್ಚಿದ ಡಯಲ್ ಕೂರಿಸಿದ ಮಾಲು. ಮೂವತ್ತು ವರ್ಷದ ವಾಚಿನ ಡಯಲ್ ನಿನ್ನೆ ಅಚ್ಚು ಹಾಕಿದ ಹಾಗೆ ಹೊಳೆಯುತ್ತಿದ್ದರೆ, ಅಕ್ಷರ ಸೊಟ್ಟಗಿದ್ದರೆ, ಗುಲಾಬಿ, ಗಿಳಿಹಸಿರು ಬಣ್ಣ ಇದ್ದರೆ ಮುಟ್ಟಬೇಡಿ. ಜಾಲಹಳ್ಳಿಯಲ್ಲಿ ಎಚ್‌ಎಂಟಿಯವರದೇ ಮ್ಯೂಸಿಯಂ ಇದೆ, ಭಾವನನ್ನೂ ಕರೆದುಕೊಂಡು ಹೋಗಿ ಅಸಲಿ ಹೇಗಿರುತ್ತೆ ಅಂತ ಕಣ್ಣಾರೆ ನೋಡಿ ಬನ್ನಿ. ತಗೊಳ್ಳುವ ಮೊದಲು ಅಂಥ ವಾಚು ಬಿಚ್ಚಿ ರಿಪೇರಿ ಮಾಡುವವರು ಮಂಡ್ಯದಲ್ಲಿ ಇನ್ನೂ ಇದ್ದಾರಾ ಅಂತಲೂ ವಿಚಾರಿಸಿ. ಇಲ್ಲವಾದರೆ ಅದು ಕೆಟ್ಟು ನಿಂತ ದಿನದಿಂದ ಭಾವ ಮತ್ತೆ ಶುರು ಮಾಡುತ್ತಾರೆ.