‘ನಾನೇ ಚಾಂಪಿಯನ್’ ಅಂದಷ್ಟೂ ಕುಗ್ಗುತ್ತಿದ್ದ ಹುಡುಗ

ಮಂಜು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದು ಅವನ ಅಕ್ಕನ ಬಲವಂತಕ್ಕೆ. ಹೆಸರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ, ಬರೆಯೋದಕ್ಕೆ ಅವನ ಒಪ್ಪಿಗೆಯೂ ಇದೆ. ವಯಸ್ಸು 24, ಬಿಕಾಂ ಮುಗಿಸಿದ್ದಾನೆ, ಜಗಳೂರು ಕಡೆಯ ಹಳ್ಳಿಯವನು. ದಾವಣಗೆರೆಯಲ್ಲಿ ಅಕ್ಕ-ಭಾವನ ಮನೆಯಲ್ಲಿದ್ದುಕೊಂಡು ಒಂದು ಏಜೆನ್ಸಿಯಲ್ಲಿ ಸೇಲ್ಸ್ ಕೆಲಸ ಮಾಡುತ್ತಾನೆ. ಸೋಪು, ಸೋಪಿನ ಪುಡಿ, ಬಿಸ್ಕತ್ತು. ಕಿರಾಣಿ ಅಂಗಡಿಗಳಿಗೆ ಹೋಗಿ ಆರ್ಡರ್ ಬರೆದುಕೊಂಡು ಬರಬೇಕು, ದಿನಕ್ಕೊಂದು ಲೈನು, ಅಂದರೆ ದಿನಕ್ಕೊಂದು ಕಡೆಯ ಅಂಗಡಿಗಳು.

ಬೆಳಿಗ್ಗೆ ಒಂಬತ್ತಕ್ಕೆ ಬೈಕ್ ಹತ್ತಿ ಹೊರಟವನು ಹನ್ನೊಂದಾದರೂ ಟೀ ಅಂಗಡಿ ಮುಂದೆಯೇ ನಿಂತಿದ್ದನ್ನು ಭಾವ ಎರಡು ಸಲ ನೋಡಿದ್ದರು. ಮನೆಯಲ್ಲಿ ಕೇಳಿದರೆ ಸಿಟ್ಟು. ನನ್ನ ಮುಂದೆ ಮಾತ್ರ ಮೊದಲ ದಿನವೇ ಹೇಳಿಬಿಟ್ಟ: “ಅಂಗಡಿ ಮುಂದೆ ಬೈಕ್ ನಿಲ್ಸ್ತೀನಿ ಮೇಡಂ, ಇಳಿಯಕ್ಕೆ ಕಾಲೇ ಬರಲ್ಲ. ಇನ್ನೊಂದು ರೌಂಡ್ ಹಾಕ್ತೀನಿ. ಅಷ್ಟೊತ್ತಿಗೆ ಗಿರಾಕಿ ಜಾಸ್ತಿ ಆಗಿರ್ತಾರೆ. ಸರಿ, ನಾಳೆ ನೋಡಾಣ ಅಂತ ಮುಂದಕ್ಕೆ ಹೋಗ್ತೀನಿ.”

ಇಂಥವರು ಬಂದಾಗ ನಾನು ಮೊದಲು ನಿದ್ದೆ, ಊಟದ ಬಗ್ಗೆ ಕೇಳುತ್ತೇನೆ. ಬದುಕೇ ಬೇಡ ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳುತ್ತೇನೆ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಕೆಟ್ಟಿದ್ದು ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಅದು ಬರೀ ಧೈರ್ಯದ ವಿಷಯ ಅಲ್ಲ, ಮನೋವೈದ್ಯರನ್ನು ನೋಡಬೇಕು. ಬದುಕು ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಂಜುಗೆ ಆ ತೊಂದರೆ ಇರಲಿಲ್ಲ. ಭಾನುವಾರ ಆರಾಮಾಗಿರುತ್ತಿದ್ದ. ಸೋಮವಾರ ಬೆಳಗಾದರೆ ಹೊಟ್ಟೆ ತೊಳಸುತ್ತಿತ್ತು.

ಕಂಪನಿಯ ಟ್ರೈನಿಂಗ್‌ನಲ್ಲಿ ಅವನಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ನಾನೇ ಚಾಂಪಿಯನ್, ನನ್ನ ಮಾತಿಗೆ ಯಾರೂ ಇಲ್ಲ ಅನ್ನಲ್ಲ’ ಅಂತ ಹತ್ತು ಸಲ ಹೇಳಬೇಕು. ಪಾಪ, ಒಂದು ತಿಂಗಳು ಬಿಡದೆ ಹೇಳಿದ್ದಾನೆ. ಆ ತಿಂಗಳೇ ಅವನ ಆರ್ಡರ್ ಎಲ್ಲಕ್ಕಿಂತ ಕಡಿಮೆ.

“ಹೇಳುವಾಗ ಒಳಗೆ ಏನನ್ನಿಸ್ತಿತ್ತು?” ಅಂದೆ.

“ಒಳಗಿಂದ ಒಬ್ಬ ‘ಸುಳ್ಳು ಹೇಳ್ತಿದೀಯ’ ಅಂತಿದ್ದ ಮೇಡಂ. ಹತ್ತು ಸಲ ಹೇಳಿದ್ರೆ ಅವನೂ ಹತ್ತು ಸಲ ಅಂತಿದ್ದ.”

ತಪ್ಪು ತನ್ನದೇ, ತನಗೆ ನಂಬಿಕೆ ಸಾಲದು ಅಂತ ಅವನು ಅಂದುಕೊಂಡಿದ್ದ. ಹಾಗಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೊವಾನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಇದನ್ನೇ ಪರೀಕ್ಷಿಸಿ ಬರೆದಿದ್ದಾರೆ. ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡವರು ‘ನಾನು ಪ್ರೀತಿಗೆ ತಕ್ಕವನು’ ಎಂಬಂಥ ಮಾತನ್ನು ಪದೇ ಪದೇ ಹೇಳಿಕೊಂಡಾಗ ಇನ್ನಷ್ಟು ಕುಗ್ಗಿದರು. ಮೊದಲೇ ಚೆನ್ನಾಗಿದ್ದವರಿಗೆ ಮಾತ್ರ ಸ್ವಲ್ಪ ಅನುಕೂಲ ಆಯಿತು. ಇದನ್ನು ಹೇಳಿದಾಗ ಮಂಜುವಿನ ಮುಖ ಸ್ವಲ್ಪ ಸಡಿಲಾಯಿತು. ಕನ್ನಡಿಯ ಮಾತನ್ನು ಅವತ್ತೇ ನಿಲ್ಲಿಸು ಅಂದೆ.

ಬದಲಿಗೆ, ಅಂಗಡಿಯ ಮುಂದೆ ಬೈಕ್ ನಿಲ್ಲಿಸಿದಾಗ ತಲೆಯಲ್ಲಿ ಏನು ಓಡುತ್ತೆ ಅನ್ನೋದನ್ನು ಹಾಗೆ ಹಾಗೇ ಬರೆದುಕೊಂಡು ಬಾ, ತಿದ್ದಬೇಡ ಅಂತ ಹೇಳಿ ಕಳಿಸಿದೆ. ಮುಂದಿನ ವಾರ ಒಂದು ಪುಟ ತಂದ. ‘ಬಂದ ನೋಡು ಮತ್ತೆ ಅಂತಾರೆ.’ ‘ನನ್ ಮುಖ ನೋಡಿದ್ರೇ ಬೇಡ ಅಂತಾರೆ.’ ‘ಹಳೇ ಹುಡುಗನೇ ವಾಸಿ.’ ಈ ಮೂರನೇದು ಯಾರ ಮಾತು ಅಂತ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಕೆಲಸಕ್ಕೆ ಸೇರಿದ ಎರಡನೇ ವಾರ ಮಂಡಿಪೇಟೆಯ ಒಂದು ಅಂಗಡಿಯ ಸಾಹುಕಾರರು ಏಳೆಂಟು ಗಿರಾಕಿಗಳ ಮುಂದೆ ಹಾಗಂದಿದ್ದರಂತೆ. ಅವರು ಅಂದಿದ್ದು ಒಂದೇ ಸಲ. ಆಮೇಲೆ ಪ್ರತಿ ಅಂಗಡಿಯ ಮುಂದೆಯೂ ಅದನ್ನು ತನಗೆ ತಾನೇ ಹೇಳಿಕೊಂಡಿದ್ದು ಮಂಜು.

ಮನಸ್ಸಿಗೆ ಬುದ್ಧಿ ಹೇಳೋದಕ್ಕೆ ಮುಂಚೆ ಲೆಕ್ಕ ಬೇಕು ಅನ್ನೋದು ನನ್ನ ಅನುಭವ, ಅದರಲ್ಲೂ ಸೇಲ್ಸ್‌ನವರಿಗೆ, ಯಾಕಂದರೆ ಲೆಕ್ಕ ಅವರಿಗೆ ಗೊತ್ತಿರೋ ಭಾಷೆ. ಒಂದು ವಾರ, ಯಾವ ಅಂಗಡಿಗೆ ಹೋದೆ, ಆರ್ಡರ್ ಸಿಕ್ಕಿತಾ, ಸಿಗದಿದ್ದರೆ ಅವರು ಬಾಯಿಬಿಟ್ಟು ಹೇಳಿದ ಕಾರಣ ಏನು, ಇಷ್ಟನ್ನು ಸಣ್ಣ ನೋಟ್‌ಬುಕ್ಕಲ್ಲಿ ಬರೆ ಅಂದೆ. ಊಹೆ ಬೇಡ, ಕಿವಿಗೆ ಬಿದ್ದಿದ್ದು ಮಾತ್ರ. ಆ ವಾರ ಅವನು ಹೆದರಿಕೊಂಡೇ 38 ಅಂಗಡಿ ಹತ್ತಿದ್ದ. 14ರಲ್ಲಿ ಆರ್ಡರ್ ಸಿಕ್ಕಿತ್ತು. ಉಳಿದ 24ರಲ್ಲಿ 11 ಕಡೆ ಹಳೇ ಸ್ಟಾಕ್ ಇನ್ನೂ ಇತ್ತು, 6 ಕಡೆ ಯಜಮಾನರೇ ಇರಲಿಲ್ಲ, 4 ಕಡೆ ಡ್ಯಾಮೇಜ್ ಮಾಲು ವಾಪಸ್ ತಗೊಂಡಿಲ್ಲ ಅಂತ ಬೇಜಾರು, ಇಬ್ಬರು ಉದ್ರಿ ಕೇಳಿದ್ದರು. ಸುಮ್ನೆ ರೇಗಿದವರು ಒಬ್ಬರು.

“ಇದರಲ್ಲಿ ನಿನ್ನ ಮುಖ ನೋಡಿ ಬೇಡ ಅಂದವರು ಎಷ್ಟು ಜನ?” ಅಂದೆ. ಅವನು ಪುಟವನ್ನು ಮತ್ತೆ ಮೇಲಿಂದ ಕೆಳಗೆ ನೋಡಿದ. “ಒಬ್ರು ಇರ್ಬೋದು. ಅದೂ ಗ್ಯಾರಂಟಿ ಇಲ್ಲ.”

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಪೀಟರ್ ಶುಲ್‌ಮನ್ 1986ರಲ್ಲಿ ಜೀವವಿಮೆ ಮಾರುವವರ ಬಗ್ಗೆ ಪ್ರಕಟಿಸಿದ ಅಧ್ಯಯನ ಇಲ್ಲಿ ನನಗೆ ನೆನಪಾಯಿತು. ಸೋಲಿಗೆ ‘ನಾನೇ ಸರಿ ಇಲ್ಲ, ಯಾವಾಗಲೂ ಹೀಗೇ’ ಅಂತ ಕಾರಣ ಕೊಟ್ಟುಕೊಳ್ಳುವವರಿಗಿಂತ ‘ಇವತ್ತು, ಇಲ್ಲಿ, ಈ ಕಾರಣಕ್ಕೆ ಆಗಲಿಲ್ಲ’ ಅನ್ನುವವರು ಮೊದಲ ಎರಡು ವರ್ಷದಲ್ಲಿ 37% ಜಾಸ್ತಿ ಮಾರಿದ್ದರು. ಮಂಜುವಿನ ನೋಟ್‌ಬುಕ್ಕಲ್ಲಿ ಈ ಎರಡನೇ ಥರದ ಮಾತು ಆಗಲೇ ಇತ್ತು, ಅದನ್ನು ಅವನು ತನಗೆ ಹೇಳಿಕೊಂಡಿರಲಿಲ್ಲ ಅಷ್ಟೆ.

ಹಾಗಾಗಿ ಹೊಸ ಮಾತುಗಳನ್ನು ಅವನ ಕೈಯಲ್ಲೇ ಬರೆಸಿದೆ. ಶರತ್ತು ಒಂದೇ, ಒಳಗಿನವನು ‘ಸುಳ್ಳು’ ಅನ್ನಬಾರದು. ‘ಎಲ್ಲರೂ ತಗೊಳ್ತಾರೆ’ ಅಂತ ಬರೆದ, ನಾವಿಬ್ಬರೂ ಸೇರಿ ಹೊಡೆದುಹಾಕಿದೆವು. ‘ಹೋದ ವಾರ 14 ಜನ ತಗೊಂಡಿದಾರೆ’, ಇದು ನಿಂತಿತು. ‘ನನಗೆ ಭಯ ಇಲ್ಲ’ ಅನ್ನೋದೂ ಹೋಯಿತು. ‘ಎದೆ ಡವಡವ ಅಂತಿದೆ, ಇದ್ದರೂ ಒಳಗೆ ಹೋಗಬಹುದು, ಮೊನ್ನೆ ಹೋಗಿದ್ದೆ’ ಅನ್ನೋದು ನಿಂತಿತು. ಇನ್ನೊಂದು, ಕಾಲಿಗೆ ಕೆಲಸ ಕೊಡೋ ಮಾತು: ‘ಮೊದಲು ನಮಸ್ಕಾರ. ರ‍್ಯಾಕ್ ನೋಡು. ಏನು ಖಾಲಿಯಾಗಿದೆ ಅದನ್ನೇ ಕೇಳು. ಕಂಪನಿ ಆಫರ್, ಸ್ಕೀಮ್ ಎಲ್ಲ ಆಮೇಲೆ.’ ನನಗೆ ಈ ಕೊನೆಯದರ ಮೇಲೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ. ನೀನು ಗಟ್ಟಿಗ ಅನ್ನೋ ಹೊಗಳಿಕೆಗಿಂತ ಮುಂದಿನ ಹೆಜ್ಜೆ ಯಾವುದು ಅಂತ ಹೇಳೋ ಮಾತು ಹೆದರಿದವನ ಕೈ ಹಿಡಿಯುತ್ತೆ.

ಹೇಳಿಕೊಳ್ಳುವಾಗ ‘ನಾನು’ ಅನ್ನಬೇಡ, ನಿನ್ನ ಹೆಸರು ಹಿಡಿದು ಕರಿ ಅಂದೆ. ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ತಂಡ 2014ರಲ್ಲಿ ತೋರಿಸಿದ ವಿಷಯ ಇದು. ಭಾಷಣದಂಥ ಒತ್ತಡದ ಹೊತ್ತಿನಲ್ಲಿ ತಮ್ಮನ್ನು ಹೆಸರಿನಿಂದ ಕರೆದುಕೊಂಡು ಮಾತಾಡಿಕೊಂಡವರಿಗೆ ಆತಂಕ ಕಡಿಮೆ ಇತ್ತು. ಬೇರೆಯವರಿಗೆ ಸಲಹೆ ಕೊಡುವಾಗ ನಾವು ಎಷ್ಟು ಸಮಾಧಾನದಿಂದ ಇರ್ತೀವಿ, ಅದೇ ದೂರ ಸಿಗುತ್ತೆ ಅಲ್ವಾ. ಅಕ್ಕ ಹೇಗೆ ಕರೀತಾರೆ ಅಂತ ಕೇಳಿದೆ. “ಮಂಜಣ್ಣಿ ಅಂತಾಳೆ” ಅಂತ ನಾಚಿಕೊಂಡ. ಸರಿ, ಅದೇ ಇರಲಿ. “ಮಂಜಣ್ಣಿ, ಇಳಿ. ರ‍್ಯಾಕ್ ನೋಡು.”

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತೆ. ಡ್ಯಾಮೇಜ್ ಮಾಲಿನ ಆ ನಾಲ್ಕು ಅಂಗಡಿ. ಅಲ್ಲಿ ಅಂಗಡಿಯವರ ಸಿಟ್ಟು ನ್ಯಾಯವಾದದ್ದು. ಏಜೆನ್ಸಿ ವಾಪಸ್ ತಗೊಳ್ಳದೆ ಬಿಟ್ಟಿದ್ದಕ್ಕೆ ಈ ಹುಡುಗ ಎಷ್ಟು ಒಳ್ಳೆ ಮಾತು ಹೇಳಿಕೊಂಡರೂ ಪ್ರಯೋಜನ ಇಲ್ಲ, ಆ ಭಾರವನ್ನು ಅವನ ಮನಸ್ಸಿನ ಮೇಲೆ ಹಾಕೋದು ಅನ್ಯಾಯ. ಅಂಗಡಿ, ಮಾಲು, ಎಷ್ಟು ಪ್ಯಾಕೆಟ್ಟು ಅಂತ ಬರೆದು ಮಾಲೀಕರಿಗೆ ಕೊಡು ಅಂದೆ. ಕೊಟ್ಟ. ಎರಡು ಅಂಗಡಿಯದು ವಾಪಸ್ ಬಂತು, ಇನ್ನೆರಡರದು ಇನ್ನೂ ಎಳೆದಾಡುತ್ತಿದ್ದಾರೆ.

ಮಂಡಿಪೇಟೆಯ ಆ ಅಂಗಡಿಯನ್ನು ಕೊನೆಗೆ ಇಟ್ಟುಕೊಂಡೆವು. ಮೊದಲ ವಾರ ಅದರ ಮುಂದೆ ಬೈಕ್ ನಿಲ್ಲಿಸಿ, ಇಳಿದು, ಪಕ್ಕದ ಅಂಗಡಿಗೆ ಹೋಗೋದು. ಎರಡನೇ ವಾರ ಒಳಗೆ ಹೋಗಿ ಬರೀ ನಮಸ್ಕಾರ ಹೇಳಿ ಬರೋದು, ಏನೂ ಮಾರೋದು ಬೇಡ. ಮೂರನೇ ವಾರ ಆರ್ಡರ್ ಕೇಳಿದ. ಸಾಹುಕಾರರು ತಲೆ ಎತ್ತದೆ “ಬುಧವಾರ ಬಾರಪ” ಅಂದರಂತೆ. ಬುಧವಾರ ಹೋದ. ಎರಡು ಬಾಕ್ಸ್ ಸೋಪು ಬರೆಸಿದರು. ಹಳೇ ಮಾತು ಅವರಿಗೆ ನೆನಪೇ ಇದ್ದ ಹಾಗಿರಲಿಲ್ಲ.

ಆರು ಭೇಟಿ ಆಯಿತು. ಆ ತಿಂಗಳೂ ಟಾರ್ಗೆಟ್ ಪೂರ್ತಿ ಮುಟ್ಟಲಿಲ್ಲ, ಅದನ್ನು ಮುಚ್ಚಿಡೋದಿಲ್ಲ. ಆದರೆ ವಾರಕ್ಕೆ 38 ಇದ್ದ ಅಂಗಡಿ 150 ದಾಟಿತು, ಸೋಮವಾರದ ಹೊಟ್ಟೆ ತೊಳಸು ಕಡಿಮೆಯಾಯಿತು. ಟೀ ಈಗಲೂ ಅದೇ ಅಂಗಡಿಯಲ್ಲಿ ಕುಡಿಯುತ್ತಾನೆ, ಹತ್ತು ಅಂಗಡಿ ಮುಗಿಸಿದ ಮೇಲೆ. ಸಂಜೆ ಮಂಡಕ್ಕಿ-ಮೆಣಸಿನಕಾಯಿ ತಿನ್ನುತ್ತಾ ಆ ದಿನದ ‘ಬೇಡ’ಗಳಿಗೆ ಕಾರಣ ಬರೆದು ಮುಗಿಸುತ್ತಾನೆ, ಮನೆಗೆ ಹೊತ್ತುಕೊಂಡು ಹೋಗೋದಿಲ್ಲ.

ಈಗ ತಿಂಗಳಿಗೊಮ್ಮೆ ಬರುತ್ತಾನೆ. ಹೋದ ಸಲ ನೋಟ್‌ಬುಕ್ ತರೋದು ಮರೆತಿದ್ದ. ನಾನೂ ಕೇಳಲಿಲ್ಲ.