ಯೋಜನೆ ಮೂರು ದೇಶಗಳದು, ಸಂಬಳ ಒಂದೇ ದೇಶದ್ದು

ರಾಯಚೂರಿನಲ್ಲಿ ಪಿಎಚ್.ಡಿ. ಮುಗಿಸಿ ಜರ್ಮನಿಯ ಗೊಟಿಂಗೆನ್ನಿಗೆ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧಕಿ, ಆಗಿ ಹೊರಟಿರುವ ನೀವು ಚಳಿ, ಬಾಡಿಗೆ, ಊಟಗಳ ಬಗ್ಗೆ ವಿವರವಾಗಿ ಕೇಳಿ, ಕೊನೆಯಲ್ಲಿ ಸಂಕೋಚದಿಂದ ಇನ್ನೊಂದು ಪ್ರಶ್ನೆ ಸೇರಿಸಿದ್ದೀರಿ. ಮಣ್ಣಿನ ಜೀವಿಗಳ ಮೇಲಿನ ಆ ಯೋಜನೆ ಮೂರು ವರ್ಷದ್ದು. ಜರ್ಮನಿ, ಫ್ರಾನ್ಸ್, ಪೋಲೆಂಡ್‌ಗಳ ತಂಡಗಳು ಸೇರಿ ನಡೆಸುವಂಥದ್ದು. ಆದರೆ ನಿಮ್ಮ ನೇಮಕ ಎರಡೇ ವರ್ಷಕ್ಕೆ. ಮೂರನೆಯ ವರ್ಷ ಫ್ರಾನ್ಸಿನವರ ಪಾಲಿನ ಹಣದಿಂದ ಸಂಬಳ ಸಿಗಬಹುದೇ ಎಂದು ಕೇಳಿದ್ದೀರಿ. ನನಗೆ ಮುಖ್ಯವಾಗಿ ಕಂಡದ್ದು ಇದೇ ಪ್ರಶ್ನೆ, ಆದ್ದರಿಂದ ಇದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಸಿಗುವುದಿಲ್ಲ. ಹಲವು ದೇಶಗಳು ಸೇರಿ ಸಂಶೋಧನಾ ಅರ್ಜಿಗಳನ್ನು ಕರೆಯುವ ಇಂಥ ಜಂಟಿ ಕರೆಗಳಲ್ಲಿ ಅರ್ಜಿ ಒಂದೇ, ಪರಿಶೀಲಿಸುವ ತಜ್ಞರ ಸಮಿತಿ ಒಂದೇ, ಅಂಕಪಟ್ಟಿಯೂ ಒಂದೇ. ಹಣ ಮಾತ್ರ ಪ್ರತಿಯೊಂದು ದೇಶದ್ದೂ ಬೇರೆ. ಜರ್ಮನ್ ತಂಡಕ್ಕೆ ಜರ್ಮನಿಯ ಸಂಸ್ಥೆ, ಫ್ರೆಂಚ್ ತಂಡಕ್ಕೆ ಫ್ರಾನ್ಸಿನ ಎಎನ್ಆರ್ ಎಂಬ ಅನುದಾನ ಸಂಸ್ಥೆ, ಪೋಲಿಷ್ ತಂಡಕ್ಕೆ ಪೋಲೆಂಡಿನ ಸಂಸ್ಥೆ ತನ್ನ ತನ್ನ ನಿಯಮದಂತೆ, ತನ್ನ ತನ್ನ ಒಪ್ಪಂದದ ಮೇಲೆ ಕೊಡುತ್ತದೆ. ಇದನ್ನು ಇಲ್ಲಿ ವರ್ಚುವಲ್ ಕಾಮನ್ ಪಾಟ್ ಎನ್ನುತ್ತಾರೆ. ಎಳ್ಳಮವಾಸ್ಯೆಯ ದಿನ ಚರಗ ಚೆಲ್ಲಿದ ಮೇಲೆ ಎಲ್ಲರ ಬುತ್ತಿಯೂ ಒಂದೇ ಕಂಬಳಿಯ ಮೇಲೆ ಬಿಚ್ಚಿಕೊಳ್ಳುತ್ತದೆ, ಯಾರ ಭಜ್ಜಿಯನ್ನು ಯಾರು ಉಂಡರೆಂದು ಲೆಕ್ಕವಿಡುವವರಿಲ್ಲ. ಇಲ್ಲಿ ಸಾಲಾಗಿ ಒಟ್ಟಿಗೇ ಕೂತರೂ ತಂತಮ್ಮ ಬುತ್ತಿಯನ್ನು ತಾವೇ ಉಣ್ಣಬೇಕು. ಎಲ್ಲರ ಹಣವನ್ನೂ ನಿಜವಾಗಿ ಒಂದೆಡೆ ಸುರಿದು ಅರ್ಹತೆಯ ಮೇಲೆ ಹಂಚುವ ಪದ್ಧತಿಯೂ ಕಾಗದದ ಮೇಲೆ ಉಂಟು. ಆದರೆ ತನ್ನ ಪ್ರಜೆಗಳ ತೆರಿಗೆ ನೆರೆಯ ದೇಶದ ಪ್ರಯೋಗಾಲಯಕ್ಕೆ ಹೋಯಿತೆಂದು ಸಂಸತ್ತಿನಲ್ಲಿ ಉತ್ತರಿಸುವ ಧೈರ್ಯ ಯಾವ ಮಂತ್ರಿಗೂ ಸುಲಭವಾಗಿ ಬರುವುದಿಲ್ಲವಾದ್ದರಿಂದ ಅದು ಅಪರೂಪ.

ಇಷ್ಟು ಕಷ್ಟಪಟ್ಟು ಏಕೆ ಕೂಡುತ್ತಾರೆ ಎಂದು ನಿಮಗೆ ಅನ್ನಿಸಬಹುದು. ಯುರೋಪಿನಲ್ಲಿ ಸಂಶೋಧನೆಗೆ ಹೋಗುವ ಸರ್ಕಾರಿ ಹಣದ ಬಹುಪಾಲು ಬ್ರಸೆಲ್ಸ್‌ನದಲ್ಲ, ಅಂದರೆ ಯುರೋಪಿಯನ್ ಒಕ್ಕೂಟದ್ದಲ್ಲ, ಆಯಾ ದೇಶಗಳದು; ಒಂದೇ ರೋಗವನ್ನೋ ಒಂದೇ ನದಿಯನ್ನೋ ಹತ್ತು ದೇಶಗಳು ಒಬ್ಬರಿಗೊಬ್ಬರು ತಿಳಿಸದೆ ಅಧ್ಯಯನ ಮಾಡುತ್ತಿದ್ದವು. ಒಕ್ಕೂಟದ ಸಂಶೋಧನಾ ಆಯುಕ್ತರಾಗಿದ್ದ ಬೆಲ್ಜಿಯಂನ ಫಿಲಿಪ್ ಬ್ಯುಸ್ಕ್ಯಾಂ 2000ದ ಜನವರಿಯಲ್ಲಿ ಯುರೋಪಿಯನ್ ಸಂಶೋಧನಾ ವಲಯದ ಪ್ರಸ್ತಾವ ಮಂಡಿಸಿದರು, ಅದೇ ಮಾರ್ಚಿನ ಲಿಸ್ಬನ್ ಶೃಂಗಸಭೆ ಅದನ್ನು ಒಪ್ಪಿತು, ಒಕ್ಕೂಟ ಸಂಶೋಧನೆಗೆ ಹಣ ಕೊಡುವ ಬಹುವರ್ಷದ ಯೋಜನೆಗಳಲ್ಲಿ 2002ರಲ್ಲಿ ಆರಂಭವಾದ ಆರನೆಯ ಚೌಕಟ್ಟು ಕಾರ್ಯಕ್ರಮದಲ್ಲಿ, ದೇಶಗಳ ಅನುದಾನ ಸಂಸ್ಥೆಗಳನ್ನು ಒಂದುಗೂಡಿಸುವ ಇರಾ-ನೆಟ್ ಹುಟ್ಟಿತು. ಮೊದಲು ಬ್ರಸೆಲ್ಸ್ ಕೊಡುತ್ತಿದ್ದುದು ಮುಖ್ಯವಾಗಿ ಅಧಿಕಾರಿಗಳು ಒಂದೆಡೆ ಕೂಡಿ ಕೆಲಸ ಮಾಡುವ ಖರ್ಚು. ಮುಂದೆ ಇರಾ-ನೆಟ್ ಪ್ಲಸ್, ನಂತರದ ಚೌಕಟ್ಟು ಕಾರ್ಯಕ್ರಮವಾದ ಹೊರೈಜನ್ 2020ರ ಇರಾ-ನೆಟ್ ಕೋಫಂಡ್ ಎಂದು ಬೆಳೆದು, ಜಂಟಿ ಕರೆಯ ಹಣಕ್ಕೇ ಶೇ 33ರ ಪಾಲು ಬ್ರಸೆಲ್ಸ್‌ನಿಂದ ಸೇರತೊಡಗಿತು. ಈಗಿನ ಕಾರ್ಯಕ್ರಮವಾದ ಹೊರೈಜನ್ ಯುರೋಪ್‌ನಲ್ಲಿ ಅದು ಪಾಲುದಾರಿಕೆ ಎಂಬ ಹೆಸರಿನಲ್ಲಿದೆ. ನಿಮ್ಮ ಯೋಜನೆ ಬಂದಿರುವ ಬಯೋಡೈವರ್ಸಾ ಪ್ಲಸ್ ಅಂಥದ್ದೊಂದು.

ನಾನು ಧಾರವಾಡದಿಂದ ಬಂದಾಗ ಏಳನೆಯ ಚೌಕಟ್ಟು ಕಾರ್ಯಕ್ರಮ ನಡೆಯುತ್ತಿತ್ತು. ನನ್ನ ನೇಮಕವೂ ಇಂಥದೇ ಯೋಜನೆಯ ಮೇಲೆ, ಅದೂ ಎರಡು ವರ್ಷಕ್ಕೆ. ದಕ್ಷಿಣ ಯುರೋಪಿನ ತಂಡವೊಂದು ಹೊಲಗಳಿಂದ ಮಣ್ಣು ತೆಗೆದು ಕಳಿಸಬೇಕು, ನಾನು ಅದರ ಡಿಎನ್ಎ ತೆಗೆದು ವಿಶ್ಲೇಷಿಸಬೇಕು ಎಂದು ಕೆಲಸ ಹಂಚಿಕೆಯಾಗಿತ್ತು. ಜರ್ಮನಿಯ ಹಣ ಹೊಸ ವರ್ಷದ ಹೊತ್ತಿಗೆ ಬಂತು. ಅವರ ದೇಶದ ಹಣ ಆ ಸರ್ಕಾರದ ಬಜೆಟ್ಟಿನ ತೊಡಕಿನಲ್ಲಿ ಸಿಕ್ಕಿಕೊಂಡು, ಒಂದು ಬಿತ್ತನೆಯ ಹಂಗಾಮು ಪೂರ್ತಿ ಕಳೆದ ಮೇಲೆ ಬಿಡುಗಡೆಯಾಯಿತು. ಅಲ್ಲಿಯವರೆಗೆ ನಾನು ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ ಅವರ ಹೆಸರಿನ ಚೀಟಿ ಅಂಟಿಸಿದ ಖಾಲಿ ಅರೆಗಳನ್ನು ಇಟ್ಟುಕೊಂಡು, ಗೊಟಿಂಗೆನ್ ಸುತ್ತಿನ ಮಣ್ಣಿನ ಮೇಲೆ ಕೈ ಪಳಗಿಸುತ್ತಿದ್ದೆ.

ಕೊನೆಗೆ ಯೋಜನೆಯ ಅವಧಿಯನ್ನು ಒಂದು ವರ್ಷ ವಿಸ್ತರಿಸಿದರು. ಎಲ್ಲರೂ ನನ್ನನ್ನು ಅಭಿನಂದಿಸಿದರು, ನಾನೂ ಊರಿಗೆ ಫೋನ್ ಮಾಡಿ ಹೇಳಿದೆ. ಆದರೆ ಅದು ಹೆಚ್ಚುವರಿ ಹಣವಿಲ್ಲದ ವಿಸ್ತರಣೆ. ಅಂದರೆ ವರದಿ ಕೊಡುವ ದಿನಾಂಕ ಮುಂದೆ ಹೋಯಿತು, ಸಂಬಳದ ದಿನಾಂಕ ಇದ್ದಲ್ಲೇ ಉಳಿಯಿತು. ಮಣ್ಣಿನ ಪೆಟ್ಟಿಗೆಗಳು ಬಂದದ್ದು ನನ್ನ ಒಪ್ಪಂದದ ಕೊನೆಯ ತಿಂಗಳುಗಳಲ್ಲಿ. ಅರ್ಧದಷ್ಟನ್ನು ಮಾತ್ರ ಮಾಡಲಾಯಿತು, ಉಳಿದದ್ದನ್ನು ನನ್ನ ನಂತರ ಬಂದವರು ಮಾಡಿ ಪ್ರಬಂಧ ಬರೆದರು. ಅವರು ನ್ಯಾಯವಾಗಿಯೇ ನಡೆದುಕೊಂಡರು, ನನ್ನ ಹೆಸರೂ ಲೇಖಕರ ಸಾಲಿನ ನಡುವೆ ಇದೆ. ಆದರೂ ಕೃಷ್ಣಾ ಕಣಿವೆಯ ಕರಿಮಣ್ಣಿನ ಜೊತೆ ಆ ಮಣ್ಣನ್ನು ಹೋಲಿಸಿ ನೋಡಬೇಕೆಂದಿದ್ದ ನನ್ನ ಆಸೆಗೆ ಮತ್ತೆ ಪ್ರಯೋಗಾಲಯ ಸಿಗಲಿಲ್ಲ. ನಾನು ಬಾನ್‌ಗೆ ಬಂದು ಅನುದಾನ ನಿರ್ವಹಿಸುವ ಕಚೇರಿ ಸೇರಿದೆ.

ಆ ಕಚೇರಿಯ ಕೆಲಸದಲ್ಲಿ ನೋಡಿದ ಒಂದು ಸಂಗತಿಯನ್ನು ನಿಮ್ಮ ಗೈಡ್ ಬಹುಶಃ ಹೇಳಲಾರರು. ಅಂತಿಮ ಆಯ್ಕೆಯ ಸಭೆಯಲ್ಲಿ ಪರದೆಯ ಮೇಲೆ ಒಂದು ಕೋಷ್ಟಕ ಇರುತ್ತದೆ: ಅಡ್ಡ ಸಾಲುಗಳಲ್ಲಿ ಅಂಕಗಳ ಕ್ರಮದಲ್ಲಿ ಯೋಜನೆಗಳು, ಕಂಬಸಾಲುಗಳಲ್ಲಿ ದೇಶಗಳು. ಮೇಲಿನಿಂದ ಒಂದೊಂದೇ ಸಾಲನ್ನು ಒಪ್ಪುತ್ತ ಬಂದಂತೆ ಯಾವುದೋ ಚಿಕ್ಕ ದೇಶದ ಕಂಬಸಾಲು ಕೆಂಪಾಗುತ್ತದೆ, ಅಂದರೆ ಆ ದೇಶದ ಹಣ ಮುಗಿಯಿತು. ಆ ಸಾಲಿನ ಯೋಜನೆಯಲ್ಲಿ ಉಳಿದ ಎರಡು ದೇಶಗಳ ಬಳಿ ಬೇಕಾದಷ್ಟಿದ್ದರೂ ಅದು ನಿಲ್ಲುತ್ತದೆ. ಪ್ರತಿನಿಧಿಯೊಬ್ಬರು ಹೊರಗೆ ಹೋಗಿ ತಮ್ಮ ಸಚಿವಾಲಯಕ್ಕೆ ಫೋನ್ ಮಾಡಿ ಬರುತ್ತಾರೆ, ಉಳಿದವರು ಕಾಫಿ ಕುಡಿಯುತ್ತ ಕಾಯುತ್ತಾರೆ. ಬ್ರಸೆಲ್ಸ್‌ನ ಪಾಲು ಹೆಚ್ಚಾಗಿ ಖರ್ಚಾಗುವುದು ಇಂಥ ಕಿಂಡಿಗಳನ್ನು ಮುಚ್ಚಲಿಕ್ಕೆ. ಅದನ್ನು ಪೋಸ್ಟ್‌ಡಾಕ್‌ನ ಮೂರನೆಯ ವರ್ಷಕ್ಕೆಂದು ಯಾರೂ ಎತ್ತಿಟ್ಟಿರುವುದಿಲ್ಲ. ನಾಳೆ ನೀವೇ ಅರ್ಜಿ ಬರೆಯುವಾಗ ಇದು ನೆನಪಿರಲಿ: ಜೊತೆಗಾರರನ್ನು ಅವರ ವಿದ್ವತ್ತನ್ನಷ್ಟೇ ನೋಡಿ ಆರಿಸಬೇಡಿ, ಅವರ ದೇಶ ಆ ಕರೆಗೆ ಎಷ್ಟು ಹಣ ಇಟ್ಟಿದೆ, ಆ ದೇಶದಿಂದ ಎಷ್ಟು ಜನ ಅರ್ಜಿ ಹಾಕುತ್ತಾರೆ ಎಂಬುದನ್ನೂ ನೋಡಿ.

ಊರಿನಲ್ಲಿ ಗೈಡ್ "ನೋಡೋಣ, ಏನಾದರೂ ಮಾಡೋಣ" ಎಂದರೆ ಅದು ಹೆಚ್ಚುಕಡಿಮೆ ಆದಂತೆಯೇ ಎಂಬುದು ನಿಮಗೆ ಗೊತ್ತು; ಇನ್ನೊಂದು ಯೋಜನೆಯಲ್ಲಿ ಎಸ್ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಹುದ್ದೆ ಹೇಗೋ ಹುಟ್ಟಿಕೊಳ್ಳುತ್ತದೆ. ಇಲ್ಲಿನ ಪ್ರೊಫೆಸರರೂ ಅದೇ ಮಾತನ್ನು ಅಷ್ಟೇ ಪ್ರೀತಿಯಿಂದ ಹೇಳುತ್ತಾರೆ, ಆದರೆ ಅವರ ಕೈಯಲ್ಲಿ ಆ ಅಧಿಕಾರ ಇರುವುದಿಲ್ಲ. ಆದ್ದರಿಂದ ಬರುವ ಮೊದಲೇ ಎರಡು ವಿಷಯ ಬರಹದಲ್ಲಿ ಕೇಳಿ: ನೀವು ಹೊಲದ ಕೆಲಸಕ್ಕೆ ಹೋಗಬಹುದಾದ ಪೋಲಿಷ್ ತಂಡದ ಅನುದಾನದ ಒಪ್ಪಂದಕ್ಕೆ ಸಹಿಯಾಗಿದೆಯೇ, ಮತ್ತು ನಿಮ್ಮ ನೇಮಕ ಅವಧಿ ನಿಗದಿಯ ಕಾನೂನಿನ ಯಾವ ಆಧಾರದ ಮೇಲಿನದು. ಜರ್ಮನಿಯಲ್ಲಿ ಪಿಎಚ್.ಡಿ. ನಂತರ ಅರ್ಹತೆಗಾಗಿ ಕೊಡುವ ತಾತ್ಕಾಲಿಕ ಒಪ್ಪಂದಗಳಿಗೆ ಸಾಮಾನ್ಯವಾಗಿ ಆರು ವರ್ಷದ ಮಿತಿ ಇದೆ. ಹೊರಗಿನ ಅನುದಾನದ ಮೇಲಿನ ನೇಮಕಕ್ಕೆ ಬೇರೆ ಆಧಾರ ಉಂಟು. ಕೇಳಿದರೆ ಒರಟುತನ ಎಂದು ಇಲ್ಲಿ ಯಾರೂ ತಿಳಿಯುವುದಿಲ್ಲ.

ಪೋಲೆಂಡಿನಲ್ಲಿ ಕೆಲವು ತಿಂಗಳು ಹೊಲದ ಕೆಲಸ ಮಾಡಬಹುದೇ ಎಂದರೆ, ಮಾಡಬಹುದು. ನಿಮ್ಮ ವಾಸದ ಪರವಾನಗಿ ಸಂಶೋಧಕರದ್ದಾಗಿದ್ದರೆ, 2016ರ ಯುರೋಪಿಯನ್ ನಿರ್ದೇಶನದಂತೆ 360 ದಿನಗಳಲ್ಲಿ 180 ದಿನ ಅಲ್ಲಿ ಇರಲು ಅವಕಾಶವಿದೆ; ಮೊದಲೇ ತಿಳಿಸುವ ವಿಧಿಯನ್ನು ವಿಶ್ವವಿದ್ಯಾಲಯದ ಕಚೇರಿ ನೋಡಿಕೊಳ್ಳುತ್ತದೆ, ಸಂಬಳ ಜರ್ಮನಿಯದೇ. ಸಂಶೋಧನೆ ಮುಗಿದ ಮೇಲೆ ಕೆಲಸ ಹುಡುಕಲು ಒಂಬತ್ತು ತಿಂಗಳು ಉಳಿಯಲೂ ಅದೇ ನಿರ್ದೇಶನ ದಾರಿ ಮಾಡಿಕೊಟ್ಟಿದೆ. ಭಾರತವೂ ಇಂಥ ಕರೆಗಳಲ್ಲಿ ಸೇರುತ್ತದೆಯೇ ಎಂದಿರಿ. ನ್ಯೂ ಇಂಡಿಗೊ ಎಂಬ ಇರಾ-ನೆಟ್‌ನಲ್ಲಿ ನಮ್ಮ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಪಾಲ್ಗೊಂಡಿತ್ತು, ಅಲ್ಲಿಯೂ ಅವರವರ ಹಣ ಅವರವರಿಗೇ.

ಚಳಿಗೆ ಕೋಟು ಇಲ್ಲಿಯೇ ಕೊಳ್ಳಿ. ಬಾಡಿಗೆ ಮನೆಗೆ ಮೊದಲು ವಿಶ್ವವಿದ್ಯಾಲಯದ ಅತಿಥಿಗೃಹ ಕೇಳಿ. ಜೋಳದ ಹಿಟ್ಟು ಸಿಗುತ್ತದೆ, ಆದರೆ ನಮ್ಮ ಬಿಳಿಜೋಳದ ಜಿಗುಟು ಅದಕ್ಕಿಲ್ಲ, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಮೊದಲ ತಿಂಗಳಿಗೆ ಖಡಕ್ ರೊಟ್ಟಿಯನ್ನೇ ಕಟ್ಟಿಸಿಕೊಂಡು ಬನ್ನಿ. ಅದಕ್ಕಿಂತ ಮುಖ್ಯವಾಗಿ, ರಾಯಚೂರಿನಲ್ಲಿ ಯೋಜನಾ ಸಹಾಯಕಿಯಾಗಿ ದುಡಿದ ಅವಧಿಗೆ ಮುದ್ರೆಸಹಿತ ಅನುಭವ ಪತ್ರ ತನ್ನಿ. ಇ-13 ವೇತನ ಶ್ರೇಣಿಯಲ್ಲಿ ನಿಮ್ಮನ್ನು ಯಾವ ಹಂತಕ್ಕೆ ಸೇರಿಸಬೇಕೆಂಬುದು ಸಂಬಂಧಪಟ್ಟ ಅನುಭವದ ಮೇಲೆ ನಿಲ್ಲುತ್ತದೆ, ಮತ್ತು ಅದನ್ನು ತೀರ್ಮಾನಿಸುವುದು ನೇಮಕದ ಹೊತ್ತಿಗೆ. ಗೊಟಿಂಗೆನ್ನಿನ ಪ್ರೊಫೆಸರರ ಉತ್ತರ ಬಂದಾಗ ಒಪ್ಪಂದದ ಪ್ರತಿಯನ್ನು ನನಗೂ ಕಳಿಸಿ, ಜರ್ಮನ್ ಭಾಷೆಯ ಷರತ್ತುಗಳನ್ನು ಓದಿ ಹೇಳುತ್ತೇನೆ.