ಗುಜರಿಗೆ ಬಿಟ್ಟ ಬಾಂಬರುಗಳು ಬೆಂಗಳೂರಿಗೆ ಹಾರಿ ಬಂದದ್ದು ನಿಜವಾ?

ನಿಮ್ಮ ಪ್ರಶ್ನೆ ಇದು: ಬ್ರಿಟನ್ನಿನ ವಾಯುಪಡೆಯ (ಆರ್‌ಎಎಫ್) ಮ್ಯೂಸಿಯಂನಲ್ಲಿರುವ ಎರಡನೇ ಮಹಾಯುದ್ಧದ ಲಿಬರೇಟರ್ ಬಾಂಬರು ಮೊದಲು ನಮ್ಮ ವಾಯುಪಡೆಯಲ್ಲಿತ್ತಂತೆ, ನಾವು ಅದನ್ನು ಗುಜರಿಯಿಂದ ಎತ್ತಿ ರಿಪೇರಿ ಮಾಡಿದ್ದಂತೆ, ಇದು ನಿಜವಾ ಅಥವಾ ವಾಟ್ಸಾಪ್ ಕತೆಯಾ?

ನಿಜ. ನಾನು ಪೈಲಟ್ ಅಲ್ಲ. ಶಿವಮೊಗ್ಗದಲ್ಲಿ 26 ವರ್ಷದಿಂದ ಇಂಜಿನ್ ಬಿಚ್ಚಿ ಕಟ್ಟುವ ಕೆಲಸ ನನ್ನದು. ಪವರ್ ಟಿಲ್ಲರ್, ತೋಟದ ಪಂಪ್‌ಸೆಟ್, ಹಳೆಯ ಜೀಪು, ಇಂಥವೇ ಜಾಸ್ತಿ. ಹಳೆಯ ವಿಮಾನಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಅದರಲ್ಲಿ ನನಗೆ ಬಹಳ ಹತ್ತಿರವಾದ ಕತೆ ಇದೇ.

ಲಿಬರೇಟರ್ ಅಂದರೆ ಅಮೆರಿಕದ ಬಿ-24. ನಾಲ್ಕು ಇಂಜಿನ್, ರೆಕ್ಕೆಯ ಉದ್ದ 110 ಅಡಿ. ಬಾಂಬು ಬೀಳಿಸುವ ಬಾಗಿಲು ನಮ್ಮ ಅಂಗಡಿಗಳ ರೋಲಿಂಗ್ ಶಟರ್ ಹಾಗೆ ಪಕ್ಕಕ್ಕೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ಯುದ್ಧದ ಕಾಲದಲ್ಲಿ ಬ್ರಿಟಿಷರು ಇವನ್ನು ಬಂಗಾಳದಿಂದ ಹಾರಿಸುತ್ತಿದ್ದರು. 1944ರ ಅಕ್ಟೋಬರಿನಲ್ಲಿ 159ನೇ ಸ್ಕ್ವಾಡ್ರನ್ನಿನ (ವಾಯುಪಡೆಯ ಒಂದು ತುಕಡಿ) 15 ಲಿಬರೇಟರುಗಳು ಡಿಗ್ರಿ ಅನ್ನುವ ನೆಲೆಯಿಂದ ಹೊರಟು ಮಲಯದ (ಈಗಿನ ಮಲೇಷ್ಯಾ) ಪೆನಾಂಗ್ ಬಂದರಿನ ನೀರಿಗೆ ಮೈನುಗಳನ್ನು, ಅಂದರೆ ಹಡಗು ಒಡೆಯುವ ಸಿಡಿಗುಂಡುಗಳನ್ನು, ಹಾಕಿ ಬಂದವು. ಹೋಗಿ ಬರುವ ದಾರಿ 3,000 ಮೈಲಿಗೂ ಹೆಚ್ಚು, ಬಹುಪಾಲು ಸಮುದ್ರದ ಮೇಲೆ. ಅಷ್ಟು ಹೊತ್ತು ನಾಲ್ಕು ಇಂಜಿನ್ ಸದ್ದಿನ ನಡುವೆ ಕೂತವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು.

ಯುದ್ಧ ಮುಗಿಯಿತು. ವಿಮಾನಗಳು ಅಮೆರಿಕದಿಂದ ಲೆಂಡ್-ಲೀಸ್ ಒಪ್ಪಂದದಲ್ಲಿ ಬಂದವು, ಬ್ರಿಟಿಷರು ಸುಮ್ನೆ ಇಟ್ಟುಕೊಳ್ಳುವ ಹಾಗಿರಲಿಲ್ಲ. ವಾಪಸ್ ಕೊಡಬೇಕು, ಇಲ್ಲವೇ ಕೆಲಸಕ್ಕೆ ಬಾರದ ಹಾಗೆ ಮಾಡಬೇಕು. ಹಾಗಾಗಿ ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಲ್ಲಿಸಿ ಹಾಳು ಮಾಡಿದರು. ಮೀಟರುಗಳನ್ನು ಒಡೆದರು. ಇಂಜಿನ್ನಿನೊಳಗೆ ಮರಳು ಸುರಿದರು.

ಮರಳು ಸುರಿದರು ಅಂತ ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. 2019ರ ಆಗಸ್ಟಿನ ನೆರೆಯಲ್ಲಿ ತೀರ್ಥಹಳ್ಳಿ ಕಡೆಯಿಂದ ಒಂದು ಟಿಲ್ಲರ್ ಬಂತು. ಎರಡು ದಿನ ಹೊಳೆ ನೀರಿನಲ್ಲಿ ಮುಳುಗಿತ್ತು. ಸಂಪಿನಲ್ಲಿ ಆಯಿಲ್ ಬದಲು ಕೆಸರು. ಇಂಥ ಇಂಜಿನ್ನನ್ನು ಬಿಚ್ಚುವ ತನಕ ಒಂದು ಸುತ್ತೂ ತಿರುಗಿಸಬಾರದು, ಆದರೆ ಪಾಪ ಗಾಬರಿಯಲ್ಲಿ ಅವರು ಹ್ಯಾಂಡಲ್ ಹಾಕಿ ತಿರುಗಿಸಿ ನೋಡಿಬಿಟ್ಟಿದ್ದರು. ಲೈನರ್ ಮೇಲೆ ಗೀರು, ಬೇರಿಂಗ್ ಪೂರ್ತಿ ಹೋಗಿತ್ತು. ಆಯಿಲ್ ಹೋಗುವ ಒಂದೊಂದು ಸಣ್ಣ ತೂತನ್ನೂ ತಂತಿ ಹಾಕಿ, ಗಾಳಿ ಹೊಡೆದು ತೆಗೆಯಬೇಕಾಯಿತು. ಒಂದೇ ಸಿಲಿಂಡರಿನ ಇಂಜಿನ್ ಅದು, ನನಗೆ 11 ದಿನ ಹಿಡಿಯಿತು.

ಲಿಬರೇಟರಿನ ಒಂದು ಇಂಜಿನ್ನಿಗೆ 14 ಸಿಲಿಂಡರ್. ಒಂದು ವಿಮಾನಕ್ಕೆ 56. ಹಾಗೆ ಎಬ್ಬಿಸಿದ್ದು ಸುಮಾರು 40 ವಿಮಾನ. ನೀವೇ ಗುಣಿಸಿ, 2,240 ಸಿಲಿಂಡರ್ ಆಗುತ್ತದೆ. ಇನ್ನೊಂದು ಕಷ್ಟವೂ ಇದೆ. ಈ ಇಂಜಿನ್ನಿನಲ್ಲಿ ಸಿಲಿಂಡರುಗಳು ಚಕ್ರದ ಕಡ್ಡಿಗಳ ಹಾಗೆ ಸುತ್ತಲೂ ಇರುತ್ತವೆ. ಸುಮ್ನೆ ನಿಂತರೆ ಆಯಿಲ್ ಇಳಿದು ಕೆಳಗಿನ ಸಿಲಿಂಡರುಗಳಲ್ಲಿ ತುಂಬಿಕೊಳ್ಳುತ್ತದೆ. ಅದನ್ನು ನೋಡದೆ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಯಾಕೆಂದರೆ ಗಾಳಿಯ ಹಾಗೆ ಆಯಿಲನ್ನು ಅಮುಕಲು ಆಗುವುದಿಲ್ಲ. ಅದಕ್ಕೇ ಇಂಥ ವಿಮಾನಗಳ ಪ್ರೊಪೆಲ್ಲರನ್ನು ಮೊದಲು ಕೈಯಿಂದ ತಿರುಗಿಸುತ್ತಿದ್ದರು. ಹಳೆಯ ಫಿಲ್ಮುಗಳಲ್ಲಿ ನೋಡಿರಬಹುದು.

ಸ್ವಾತಂತ್ರ್ಯ ಬಂದಮೇಲೆ ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್ ಬೇಕಿತ್ತು. 1948ರಲ್ಲಿ ಈ ಕೆಲಸ ಬೆಂಗಳೂರಿನ ಎಚ್‌ಎಎಲ್‌ಗೆ ಬಂತು. ಕಾನ್ಪುರದಲ್ಲಿ ಒಂದೊಂದನ್ನೂ ಒಂದು ಸಲ ಹಾರುವಷ್ಟರ ಮಟ್ಟಿಗೆ ಸರಿ ಮಾಡುವುದು, ಬೆಂಗಳೂರಿಗೆ ಹಾರಿಸಿಕೊಂಡು ಬರುವುದು, ಪೂರ್ತಿ ರಿಪೇರಿ ಇಲ್ಲಿ. ಹಾರಿಸಿಕೊಂಡು ಬಂದವರು ಎಚ್‌ಎಎಲ್‌ನ ಪೈಲಟ್ ಜಮ್ಶೆಡ್ ಮುನ್ಶಿ. ಸುಮಾರು 1,500 ಕಿಲೋಮೀಟರ್ ದಾರಿ, ಅರ್ಧ ರಿಪೇರಿಯಾದ ವಿಮಾನ. ಒಂದು ಸಲ ಹಾಗೆ ಬಂದರೆ ಧೈರ್ಯ ಅನ್ನಬಹುದು. ಇಳಿದು, ಮತ್ತೆ ಕಾನ್ಪುರಕ್ಕೆ ಹೋಗಿ, ಇನ್ನೊಂದನ್ನು ಹತ್ತಿ ಬರುವುದಕ್ಕೆ ಏನು ಹೇಳಬೇಕೋ ನನಗೆ ತಿಳಿಯುವುದಿಲ್ಲ.

ಅದೆಲ್ಲ ಎಚ್‌ಎಎಲ್‌ಗೆ ಸಾಧ್ಯವಾದದ್ದು ಹೇಗೆ? ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯ ಇದೆ. 1940ರಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ ಈ ಕಾರ್ಖಾನೆಯಲ್ಲಿ ಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳು ರಿಪೇರಿಯಾಗುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಯಲ್ಲೇ ಇಳಿಯುತ್ತಿದ್ದವು (ಈಗಿನ ಆ ಕೆರೆಯನ್ನು ನೋಡಿದವರಿಗೆ ನಂಬುವುದು ಕಷ್ಟ, ಅಲ್ವಾ). ಕ್ಯಾಟಲಿನಾ, ಜನ-ಸರಕು ಸಾಗಿಸುವ ಡಕೋಟಾ, ಲಿಬರೇಟರ್ ಮೂರಕ್ಕೂ ಪ್ರ್ಯಾಟ್ ಅಂಡ್ ವಿಟ್ನಿಯ ಆರ್-1830 ಜಾತಿಯ ಇಂಜಿನ್ನೇ. ಮಾಡೆಲ್ ಬೇರೆ, ಲಿಬರೇಟರಿಗೆ ಟರ್ಬೊ ಇದೆ, ಆದರೆ ಒಳಗಿನ ಕಟ್ಟು ಒಂದೇ. 1948ರ ಮೇ ತಿಂಗಳಲ್ಲಿ ನಮ್ಮ ವಾಯುಪಡೆಯ ಮೆಹರ್ ಸಿಂಗ್ ಅವರು ಕೊಡಗಿನ ಜನರಲ್ ತಿಮ್ಮಯ್ಯನವರನ್ನು ಕೂರಿಸಿಕೊಂಡು ಲೇಹ್‌ನಲ್ಲಿ ಇಳಿಸಿದ ಡಕೋಟಾದ ಇಂಜಿನ್ನೂ ಅದೇ ಜಾತಿಯದು. ಅಂದರೆ ಬೆಂಗಳೂರಿನ ಆ ಫಿಟ್ಟರುಗಳಿಗೆ ಲಿಬರೇಟರಿನ ಇಂಜಿನ್ ಹೊಸದಲ್ಲ. ಐದು ವರ್ಷ ಕೈ ಪಳಗಿತ್ತು. ಯಾವ ನಟ್ಟು ಎಲ್ಲಿ ಹಿಡಿಯುತ್ತದೆ ಅನ್ನುವುದು ಪುಸ್ತಕದಿಂದ ಬರುವುದಿಲ್ಲ, ಬಿಚ್ಚಿ ಬಿಚ್ಚಿಯೇ ಬರುತ್ತದೆ. ಇದು ನಾನು ನನ್ನ ಕೆಲಸದ ಮೇಲೆ ಹೇಳುವ ಮಾತು.

1948ರ ನವೆಂಬರಿನಲ್ಲಿ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಶುರುವಾಯಿತು. ಆಮೇಲೆ 6ನೇ ಸ್ಕ್ವಾಡ್ರನ್ ಇವನ್ನು ಸಮುದ್ರ ಕಾಯಲು ಬಳಸಿತು. 1968ರ ತನಕ ಹಾರಿದವು, ಹಾಳು ಮಾಡಿ ಎಸೆದು ಎರಡು ದಶಕ ಕಳೆದ ಮೇಲೂ.

ಆ ಹೊತ್ತಿಗೆ ಬೇರೆ ದೇಶಗಳು ತಮ್ಮ ಲಿಬರೇಟರುಗಳನ್ನು ಕರಗಿಸಿ ಅಲ್ಯೂಮಿನಿಯಂ ಮಾಡಿಯಾಗಿತ್ತು. 18 ಸಾವಿರಕ್ಕೂ ಹೆಚ್ಚು ತಯಾರಾಗಿದ್ದ ವಿಮಾನ ಇದು, ಕೊನೆಗೆ ಮ್ಯೂಸಿಯಂನವರು ಹುಡುಕಿಕೊಂಡು ನಮ್ಮಲ್ಲಿಗೆ ಬರಬೇಕಾಯಿತು. ನೀವು ಕೇಳಿದ ಬ್ರಿಟನ್ನಿನದು 1974ರಲ್ಲಿ ಹೋಯಿತು. ಕೆನಡಾದ ಒಟ್ಟಾವಾದಲ್ಲಿರುವುದು, ಅಮೆರಿಕದ ಅರಿಝೋನಾದ ಪಿಮಾ ಮ್ಯೂಸಿಯಂನಲ್ಲಿರುವುದು, ಇವೂ ನಮ್ಮ ವಾಯುಪಡೆಯವೇ.

ಮುನ್ಶಿಯವರ ಹೆಸರಾದರೂ ಉಳಿಯಿತು. ಮರಳು ತೆಗೆದವರ ಹೆಸರು ನನಗೆ ಎಲ್ಲೂ ಓದಲು ಸಿಕ್ಕಿಲ್ಲ. ನಿಮ್ಮ ನೆಂಟರಿಷ್ಟರಲ್ಲಿ ಆ ಕಾಲಕ್ಕೆ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರ ಮನೆ ಇದ್ದರೆ, ಹಳೆಯ ಫೋಟೋ ಅಥವಾ ಡೈರಿ ಇದೆಯಾ ಅಂತ ದಯವಿಟ್ಟು ಕೇಳಿ. ಇದ್ದರೆ ಇಲ್ಲೇ ಬರೆಯಿರಿ.